ಡಬ್ಬಿಯೊಳಗಿನ ಆಟಗಾರ

(ಅಮೆರಿಕದಲ್ಲಿ ಆಟಗಾರರ ಚಿತ್ರದ ಕಾರ್ಡು ಕೂಡಿಸುವ ಹುಚ್ಚಿನ ಬಗ್ಗೆ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಬರೆಯುವಾಗ ಪುನರುಕ್ತಿಗಳನ್ನು ತೆಗೆದಿದ್ದೇನೆ, ನಡುವೆ ಹೊಕ್ಕ ಹರಟೆಯನ್ನು ಹಾಗೆಯೇ ಬಿಟ್ಟಿದ್ದೇನೆ.)

ಮೊದಲ ಸಾಲಿನವರ ಕೈಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದೇನೆ. ನೋಡಿ, ಪಕ್ಕದವರಿಗೆ ದಾಟಿಸಿ. ಒಳಗಿರುವುದು ಇಸ್ಪೀಟಿನ ಎಲೆಯ ಅಳತೆಯ ಒಂದು ರಟ್ಟು: ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಅದರಲ್ಲಿ ಮೀಸೆ ಮೂಡದ ಹುಡುಗನೊಬ್ಬ ಹೆಗಲಿಗೆ ಬ್ಯಾಟ್ ಆನಿಸಿಕೊಂಡು ನಗುತ್ತಿದ್ದಾನೆ. ಕೆನ್ ಗ್ರಿಫಿ ಜೂನಿಯರ್, ಬೇಸ್‌ಬಾಲ್ ಆಟಗಾರ. 1989ರಲ್ಲಿ ಅಪ್ಪರ್ ಡೆಕ್ ಎಂಬ ಕಂಪನಿ ತನ್ನ ಮೊಟ್ಟಮೊದಲ ಕಾರ್ಡ್ ಸರಣಿಯಲ್ಲಿ ಒಂದನೇ ನಂಬರನ್ನು ಇವನಿಗೆ ಕೊಟ್ಟಿತು. ಸರಣಿ ಅಚ್ಚಿಗೆ ಹೋದಾಗ ಇವನು ದೊಡ್ಡ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ತಲೆಯ ಮೇಲಿನ ಟೋಪಿ ಕೂಡ ಅಸಲಿಯಲ್ಲ. ಸಣ್ಣ ಲೀಗಿನ ತಂಡದ ಟೋಪಿ ಹಾಕಿಕೊಂಡಿದ್ದ ಫೋಟೋವನ್ನು ತಿದ್ದಿ, ಸಿಯಾಟಲ್ ಮ್ಯಾರಿನರ್ಸ್ ತಂಡದ ಟೋಪಿ ಮಾಡಿದರು. ಮುಂದೆ ಅವನು 630 ಹೋಮ್ ರನ್ ಹೊಡೆದ, ನಮ್ಮ ಸಿಕ್ಸರಿನಂಥ ಹೊಡೆತ ಅದು. ಕಂಪನಿಯ ಊಹೆ ಫಲಿಸಿತು.

ನನ್ನ ಊಹೆ ಫಲಿಸಲಿಲ್ಲ. ಡಬ್ಬಿಯ ಮೇಲ್ತುದಿಯಲ್ಲಿ ಒಂದು ಚೀಟಿ ಇದೆ, ಅದರಲ್ಲಿ 5 ಎಂಬ ಅಂಕಿ ಇದೆ. ಹತ್ತಕ್ಕೆ ಐದು. ನ್ಯೂಜೆರ್ಸಿಯಲ್ಲಿ ನಾವಿದ್ದಾಗ ಒಂದು ಹೋಟೆಲಿನ ಸಭಾಂಗಣದಲ್ಲಿ ತಿಂಗಳಿಗೊಮ್ಮೆ ಕಾರ್ಡ್ ಸಂತೆ ಸೇರುತ್ತಿತ್ತು. ಸಂತೆ ಎಂದೇ ಕರೆಯುತ್ತೇನೆ, ಏಕೆಂದರೆ ಅಲ್ಲಿ ನಡೆಯುತ್ತಿದ್ದ ಚೌಕಾಸಿ ನಮ್ಮ ಮಂಗಳವಾರದ ಸಂತೆಗಿಂತ ಬೇರೆಯಲ್ಲ. ಮಡಚುವ ಮೇಜುಗಳು, ಅವುಗಳ ಮೇಲೆ ಗಾಜಿನ ಪೆಟ್ಟಿಗೆಗಳು, ಹಿಂದೆ ಕುಳಿತ ಹೊಟ್ಟೆ ಬಂದ ಗಂಡಸರು. ಅಲ್ಲಿ 35 ಡಾಲರ್ ಕೊಟ್ಟು ಈ ಕಾರ್ಡ್ ಕೊಂಡೆ. ಭೂತಗನ್ನಡಿ ಹಿಡಿದು ನಾಲ್ಕೂ ಮೂಲೆ ನೋಡಿದೆ, ಸೂಜಿಯಂತೆ ಚೂಪಾಗಿದ್ದವು. ಒಂಬತ್ತಂತೂ ಖಂಡಿತ, ಹತ್ತೂ ಬರಬಹುದು ಎಂದು ಮಗನಿಗೆ ಹೇಳಿದೆ. ಶುಲ್ಕ ಕಟ್ಟಿ, ವಿಮೆ ಮಾಡಿಸಿ, ಕಾರ್ಡಿನ ಸ್ಥಿತಿ ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಒಂದು ಗ್ರೇಡಿಂಗ್ ಸಂಸ್ಥೆಗೆ ಅಂಚೆಯಲ್ಲಿ ಕಳುಹಿಸಿದೆ. ತಿಂಗಳುಗಟ್ಟಲೆ ಕಾದ ಮೇಲೆ ಬಂದದ್ದು ಈ ಐದು.

ಸಿಟ್ಟು ಬಂತು. ಬಯ್ದೆ. ಆಮೇಲೆ ಮಗನೇ ಡಬ್ಬಿಯನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ತೋರಿಸಿದ: ಗ್ರಿಫಿಯ ಮೊಣಕೈಯಿಂದ ಬಲಗಡೆಯ ಅಂಚಿನವರೆಗೆ ಕೂದಲೆಳೆಯಂಥ ಒಂದು ಗೆರೆ. ಬಣ್ಣ ಒಡೆದಿಲ್ಲ, ಬೆರಳಿಗೆ ಸಿಗುವುದಿಲ್ಲ, ನೇರವಾಗಿ ನೋಡಿದರೆ ಕಾಣುವುದೇ ಇಲ್ಲ. ಎಂದೋ ಯಾರೋ ಪುಸ್ತಕದ ನಡುವೆ ಇಟ್ಟು ಒತ್ತಿದ ಮಡಿಕೆ. ನಾನು ಮೂಲೆ ನೋಡಿದೆ, ಬೆಳಕು ನೋಡಲಿಲ್ಲ. ಕಾರ್ಡಿಗೂ ಶುಲ್ಕಕ್ಕೂ ಅಂಚೆಗೂ ಕೊಟ್ಟ ದುಡ್ಡು ಇವತ್ತು ಮಾರಿದರೂ ಹುಟ್ಟುವುದಿಲ್ಲ. ಈ ವಿಷಯದಲ್ಲಿ ಮಾತಾಡಲು ನನಗಿರುವ ಅರ್ಹತೆ ಈ ಐದೇ.

ನಮಗೂ ಈ ಹುಚ್ಚು ಹೊಸದಲ್ಲ. ನನ್ನ ತಲೆಮಾರಿನವರು ಬೆಂಕಿಪೊಟ್ಟಣದ ಚಿತ್ರ ಕೂಡಿಸಿದರು. ನಮಗಿಂತ ಚಿಕ್ಕವರು ಬಬಲ್‌ಗಮ್ಮಿನ ಜೊತೆ ಬರುತ್ತಿದ್ದ ಕ್ರಿಕೆಟ್ ಚೀಟಿಗಳನ್ನು ಕೂಡಿಸಿದರು. ಅವರಿಗಿಂತ ಚಿಕ್ಕವರು, ಇವತ್ತು ನಲವತ್ತರ ಆಸುಪಾಸಿನಲ್ಲಿರುವವರು, ಕುಸ್ತಿಪಟುಗಳ ಟ್ರಂಪ್ ಕಾರ್ಡ್ ಆಡಿದರು: ರ‍್ಯಾಂಕ್, ಹೈಟ್, ವೇಟ್, ಚೆಸ್ಟ್, ಬೈಸೆಪ್ಸ್. ನಮ್ಮಲ್ಲಿ ಅವು ಆಡುವ ವಸ್ತುವಾಗಿದ್ದವು, ಸವೆದವು, ಅಮ್ಮಂದಿರು ಗುಡಿಸಿ ಹಾಕಿದರು. ಅಮೆರಿಕದಲ್ಲೂ ಮೊದಲು ಆದದ್ದು ಇದೇ. ಆದರೆ ಅಲ್ಲಿ ಒಂದು ಹಂತದಲ್ಲಿ ಅಮ್ಮಂದಿರು ಗುಡಿಸುವುದನ್ನು ನಿಲ್ಲಿಸಿಬಿಟ್ಟರು. ಇವತ್ತಿನ ನನ್ನ ಮಾತೆಲ್ಲ ಆ ನಿಲ್ಲಿಸಿದ್ದರ ಬಗ್ಗೆಯೇ.

ಕಾರ್ಡ್ ಹುಟ್ಟಿದ್ದು ಸಿಗರೇಟಿನ ಪೊಟ್ಟಣದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೊಟ್ಟಣಗಳು ಮೆತ್ತಗಿದ್ದವು. ಸಿಗರೇಟು ಮುರಿಯದಿರಲಿ ಎಂದು ಒಂದು ರಟ್ಟಿನ ತುಂಡು ಇಡುತ್ತಿದ್ದರು. ಖಾಲಿ ರಟ್ಟು ಏಕೆ ಎಂದು ಅದರ ಮೇಲೆ ಚಿತ್ರ ಬಂತು: ನಟಿಯರು, ಬಾಕ್ಸರುಗಳು, ಹಡಗುಗಳು, ಹಕ್ಕಿಗಳು, ಆಟಗಾರರು. ಇಂಗ್ಲೆಂಡಿನಲ್ಲಿ ಅದೇ ಜಾಗಕ್ಕೆ ಕ್ರಿಕೆಟಿಗರು ಬಂದರು. ನಮ್ಮ ರಣಜಿಯ ಮುಖ ಕೂಡ ಅಲ್ಲಿನ ಸಿಗರೇಟು ಕಾರ್ಡುಗಳಲ್ಲಿ ಅಚ್ಚಾಗಿದೆ.

ಈ ತಂಬಾಕಿನ ಕಾಲದ ಒಂದು ಕಾರ್ಡಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಅಮೆರಿಕನ್ ಟೊಬ್ಯಾಕೊ ಕಂಪನಿ 1909ರಿಂದ 1911ರವರೆಗೆ ಹೊರತಂದ ಸರಣಿಗೆ ಇವತ್ತು ಟಿ206 ಎಂದು ಹೆಸರು. ಅದರಲ್ಲಿ ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರ್ ಎಂಬ ಮಹಾ ಆಟಗಾರನ ಕಾರ್ಡ್ ಅಚ್ಚಾಗತೊಡಗಿ, ಬೇಗನೆ ನಿಂತುಹೋಯಿತು. ಅವನೇ ಬೇಡವೆಂದ. ಮಕ್ಕಳು ತನ್ನ ಚಿತ್ರಕ್ಕಾಗಿ ಸಿಗರೇಟು ಕೊಳ್ಳುವುದು ಅವನಿಗೆ ಇಷ್ಟವಿರಲಿಲ್ಲ ಎನ್ನುವವರಿದ್ದಾರೆ. ದುಡ್ಡಿನ ತಕರಾರು ಎನ್ನುವವರೂ ಇದ್ದಾರೆ. ಸ್ವತಃ ಹೊಗೆಸೊಪ್ಪು ಜಗಿಯುತ್ತಿದ್ದ ಮನುಷ್ಯ ಎಂಬುದನ್ನು ನೆನೆದರೆ ಎರಡನೆಯದೂ ಅಸಂಭವವಲ್ಲ. ಏನೇ ಇರಲಿ, ಇವತ್ತು ಲೆಕ್ಕಕ್ಕೆ ಸಿಗುವ ಪ್ರತಿಗಳು ಐವತ್ತು ಅರವತ್ತು, ಅಷ್ಟೇ.

ಅವುಗಳಲ್ಲಿ ಒಂದು ಪ್ರತಿ 1985ರಲ್ಲಿ ಬಿಲ್ ಮ್ಯಾಸ್ಟ್ರೊ ಎಂಬ ವ್ಯಾಪಾರಿಯ ಕೈಗೆ 25,000 ಡಾಲರಿಗೆ ಬಂತು. ಎರಡು ವರ್ಷದಲ್ಲಿ ಅವರು ಅದನ್ನು 1,10,000 ಡಾಲರಿಗೆ ಮಾರಿದರು. 1991ರಲ್ಲಿ ಸದಬೀಸ್ ಹರಾಜಿನಲ್ಲಿ ಐಸ್ ಹಾಕಿಯ ದೊರೆ ವೇಯ್ನ್ ಗ್ರೆಟ್ಸ್ಕಿ ತಮ್ಮ ತಂಡದ ಮಾಲೀಕರ ಜೊತೆ ಸೇರಿ ಅದನ್ನು 4,51,000 ಡಾಲರಿಗೆ ಕೊಂಡರು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಅದೇ ವರ್ಷ ಡೇವಿಡ್ ಹಾಲ್ ಎಂಬ ನಾಣ್ಯ ವ್ಯಾಪಾರಿ ಕ್ಯಾಲಿಫೋರ್ನಿಯಾದಲ್ಲಿ ಪಿಎಸ್‌ಎ ಎಂಬ ಸಂಸ್ಥೆ ಆರಂಭಿಸಿದ್ದರು. ಹಳೆಯ ನಾಣ್ಯಗಳ ಸ್ಥಿತಿಗೆ ಅಂಕ ಕೊಟ್ಟು, ಡಬ್ಬಿಯಲ್ಲಿ ಮುಚ್ಚಿ ಕೊಡುವ ಕೆಲಸವನ್ನು ಅವರು 1986ರಿಂದಲೇ ನಡೆಸಿದ್ದರು. ಅದನ್ನೇ ಕಾರ್ಡುಗಳಿಗೆ ತಂದರು. ಜನ ನಂಬಬೇಕಲ್ಲ? ಅವರ ಪ್ರಮಾಣಪತ್ರದ ಮೊದಲ ನಂಬರು ಹೋದದ್ದು ಗ್ರೆಟ್ಸ್ಕಿಯ ವ್ಯಾಗ್ನರ್ ಕಾರ್ಡಿಗೆ. ಅಂಕ 8. ಎಂಬತ್ತು ವರ್ಷ ದಾಟಿದ ಸಿಗರೇಟಿನ ರಟ್ಟಿಗೆ ಎಂಟು! ಉಳಿದ ವ್ಯಾಗ್ನರುಗಳಲ್ಲಿ ಹೆಚ್ಚಿನವು ಒಂದು, ಎರಡು, ಮೂರರಲ್ಲಿ ಒದ್ದಾಡುತ್ತಿರುವಾಗ.

ಆಮೇಲೆ ಆ ಕಾರ್ಡ್ ಒಂದು ದೊಡ್ಡ ಅಂಗಡಿ ಸರಪಳಿಯ ಲಾಟರಿಯಲ್ಲಿ ಬಹುಮಾನವಾಯಿತು. 1996ರಲ್ಲಿ ಅದು ಒಲಿದದ್ದು ಫ್ಲಾರಿಡಾದ ಅಂಚೆ ಇಲಾಖೆಯ ಒಬ್ಬ ನೌಕರಳಿಗೆ. ಬಹುಮಾನದ ಮೇಲಿನ ತೆರಿಗೆ ಕಟ್ಟಲು ದುಡ್ಡಿಲ್ಲದೆ ಆಕೆ ಕೂಡಲೇ ಮಾರಬೇಕಾಯಿತು. ಲಕ್ಷ್ಮಿ ಬಾಗಿಲಿಗೆ ಬಂದಳು, ಜೊತೆಗೆ ಬಾಡಿಗೆ ಕೇಳಿದಳು. 2007ರಲ್ಲಿ ಅದೇ ಕಾರ್ಡ್ 28 ಲಕ್ಷ ಡಾಲರಿಗೆ ಅರಿಜೋನಾ ಡೈಮಂಡ್‌ಬ್ಯಾಕ್ಸ್ ತಂಡದ ಮಾಲೀಕ ಕೆನ್ ಕೆಂಡ್ರಿಕ್ ಅವರ ಮನೆ ಸೇರಿತು.

2013ರಲ್ಲಿ ಮ್ಯಾಸ್ಟ್ರೊ ತಪ್ಪೊಪ್ಪಿಕೊಂಡರು. ಅವರ ಮೇಲಿದ್ದ ಮುಖ್ಯ ಆರೋಪ ಬೇರೆ: ತಮ್ಮದೇ ಹರಾಜು ಮನೆಯಲ್ಲಿ ತಮ್ಮವರನ್ನೇ ಕೂರಿಸಿ ಕೂಗು ಏರಿಸಿದ್ದು. ಆ ಒಪ್ಪಿಗೆಯ ಜೊತೆಯಲ್ಲೇ ಇನ್ನೊಂದು ವಿಷಯವೂ ಹೊರಬಿತ್ತು. ಆ ವ್ಯಾಗ್ನರ್ ಕಾರ್ಡಿನ ಪಕ್ಕದ ಅಂಚುಗಳನ್ನು ತಾವು ಕತ್ತರಿಸಿದ್ದಾಗಿ ಹೇಳಿದರು. ಸವೆದ ಅಂಚು ಹೋಗಿ ಹರಿತವಾದ ಅಂಚು ಬಂದದ್ದು ಹಾಗೆ. ಕತ್ತರಿಸಿದ ಕಾರ್ಡಿಗೆ ಅಂಕ ಕೊಡಬಾರದು ಎಂಬುದು ಈ ವ್ಯವಹಾರದ ಮೊದಲ ನಿಯಮ. ನಿಯಮ ಕಾಯಬೇಕಾದ ಸಂಸ್ಥೆಯ ಮೊದಲ ಪ್ರಮಾಣಪತ್ರವೇ ಕತ್ತರಿ ಬಿದ್ದ ಕಾರ್ಡಿನದು. 2015ರಲ್ಲಿ ಮ್ಯಾಸ್ಟ್ರೊ ಅವರಿಗೆ 20 ತಿಂಗಳ ಸೆರೆವಾಸವಾಯಿತು. ಇಷ್ಟಾದ ಮೇಲೆ ಗ್ರೇಡಿಂಗ್ ಎಂಬ ಉದ್ಯಮವೇ ಕುಸಿಯಬೇಕಿತ್ತು ಅಲ್ಲವೇ? ಕುಸಿಯಲಿಲ್ಲ. ಏಕೆ ಎಂದು ಯೋಚಿಸಿದ್ದೇನೆ. ಕಂಪ್ಯೂಟರಿನ ಮೂಲಕ, ಎದುರಿಗಿಲ್ಲದ ಅಪರಿಚಿತನಿಂದ ಕಾರ್ಡ್ ಕೊಳ್ಳುವ ಕಾಲ ಬಂದಿತ್ತು. ಕೈಯಲ್ಲಿ ಹಿಡಿದು ನೋಡಲು ಆಗದವನಿಗೆ ಮೂರನೆಯವನ ಮಾತು ಬೇಕೇ ಬೇಕು, ಆ ಮೂರನೆಯವನು ಒಮ್ಮೆ ಎಡವಿದ್ದರೂ. ಹೆಣ್ಣು ನೋಡಲು ಹೋಗಲಾಗದಷ್ಟು ದೂರದ ಸಂಬಂಧವಾದರೆ ದಲ್ಲಾಳಿಯ ಬಾಯಿಗೆ ಬೆಲೆ ಬರುವಂತೆ.

ಸರಿ, ಅಂಕ ಕೊಡುವುದು ಹೇಗೆ? ನೋಡುವುದು ನಾಲ್ಕನ್ನು: ಮೂಲೆ, ಅಂಚು, ಮೇಲ್ಮೈ ಮತ್ತು ಸೆಂಟರಿಂಗ್. ಮೊದಲ ಮೂರು ಹೇಳದೆಯೇ ತಿಳಿಯುತ್ತವೆ. ಸೆಂಟರಿಂಗ್ ಎಂದರೆ ಚಿತ್ರ ರಟ್ಟಿನ ಸರಿನಡುವೆ ಕುಳಿತಿದೆಯೇ ಎಂಬುದು. ಎಡಗಡೆಯ ಬಿಳಿ ಪಟ್ಟಿಯನ್ನೂ ಬಲಗಡೆಯ ಬಿಳಿ ಪಟ್ಟಿಯನ್ನೂ ಅಳೆಯುತ್ತಾರೆ. ಪಿಎಸ್‌ಎಯಲ್ಲಿ ಹತ್ತಕ್ಕೆ ಹತ್ತು ಬೇಕಿದ್ದರೆ ಈಗ ಮುಂಭಾಗದಲ್ಲಿ ಸುಮಾರು 55ಕ್ಕೆ 45ರ ಒಳಗಿರಬೇಕು. ಇದು ಮಗು ಹುಟ್ಟಿದ ಗಳಿಗೆಯಿದ್ದಂತೆ. ಎಷ್ಟು ಜೋಪಾನ ಮಾಡಿದರೂ ತಿದ್ದಲಾಗದು, ಕಾರ್ಖಾನೆಯ ಬ್ಲೇಡು ಅಂದು ಎಲ್ಲಿ ಬಿತ್ತೋ ಅಲ್ಲಿಗೆ ಮುಗಿಯಿತು. ಹಳೆಯ ಕಾರ್ಡುಗಳಿಗೆ ಇನ್ನೊಂದು ಶಾಪವಿದೆ. ತಂಬಾಕಿನ ನಂತರ ಕಾರ್ಡುಗಳು ಬಬಲ್‌ಗಮ್ಮಿನ ಜೊತೆ ಬಂದವು. ಗುಲಾಬಿ ಬಣ್ಣದ, ಸಕ್ಕರೆ ಪುಡಿ ಉದುರಿಸಿದ ಗಮ್ಮಿನ ತಗಡು ನೇರವಾಗಿ ಕೊನೆಯ ಕಾರ್ಡಿಗೆ ಒತ್ತಿಕೊಂಡು ಕುಳಿತಿರುತ್ತಿತ್ತು. ಮಗುವಿಗೆ ಸಿಹಿ ಸಿಕ್ಕಿತು, ಕಾರ್ಡಿಗೆ ಕಂದು ಕಲೆ ಸಿಕ್ಕಿತು.

ಒಂದರಿಂದ ಹತ್ತರವರೆಗಿನ ಈ ಏಣಿಯಲ್ಲಿ ಮೆಟ್ಟಿಲುಗಳ ಎತ್ತರ ಸಮನಾಗಿಲ್ಲ. ಐದಕ್ಕೂ ಆರಕ್ಕೂ ಬೆಲೆಯಲ್ಲಿ ಸಣ್ಣ ವ್ಯತ್ಯಾಸ. ಒಂಬತ್ತಕ್ಕೂ ಹತ್ತಕ್ಕೂ ಕೆಲವೊಮ್ಮೆ ಹತ್ತು ಪಟ್ಟು. ಫ್ಲೀರ್ ಎಂಬ ಕಂಪನಿಯ 1986ರ ಸರಣಿಯಲ್ಲಿ ಬಂದ, ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ಕಾರ್ಡಿನಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಕೆಂಪು ನೀಲಿ ಅಂಚಿನ ಆ ಕಾರ್ಡಿನ ಒಂಬತ್ತನ್ನೂ ಹತ್ತನ್ನೂ ಪಕ್ಕಪಕ್ಕ ಇಟ್ಟರೆ ಇಲ್ಲಿರುವ ಯಾರಿಗೂ ಬೇಧ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ. ಆದ್ದರಿಂದಲೇ ಒಂದು ಚಾಳಿ ಬೆಳೆದಿದೆ: ಒಂಬತ್ತು ಬಂದ ಡಬ್ಬಿಯನ್ನು ಒಡೆದು, ಕಾರ್ಡನ್ನು ಮತ್ತೆ ಕಳುಹಿಸುವುದು. ಬೇರೆ ದಿನ, ಬೇರೆ ಕಣ್ಣು, ಹತ್ತು ಬಂದರೂ ಬಂತು. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾವ ಕಾರ್ಡಿಗೆ ಯಾವ ಅಂಕ ಎಷ್ಟು ಸಲ ಕೊಟ್ಟಿದ್ದೇವೆ ಎಂದು ಸಂಸ್ಥೆಗಳು ಪಟ್ಟಿ ಪ್ರಕಟಿಸುತ್ತವೆ, ಪಾಪ್ ರಿಪೋರ್ಟ್ ಎನ್ನುತ್ತಾರೆ. ಒಡೆದವನು ಹಳೆಯ ಚೀಟಿಯನ್ನು ಹಿಂದಿರುಗಿಸದಿದ್ದರೆ ಒಂದೇ ಕಾರ್ಡ್ ಆ ಪಟ್ಟಿಯಲ್ಲಿ ಎರಡು ಮೂರು ಸಲ ಎಣಿಕೆಯಾಗುತ್ತದೆ. ಅಂದರೆ ಅಪರೂಪದ ಲೆಕ್ಕವೂ ಪೂರ್ತಿ ನಂಬುವಂಥದ್ದಲ್ಲ.

ಇನ್ನು ದುಡ್ಡಿನ ಮಾತು. ನೀವು ಬಂದಿರುವುದು ಬಹುಶಃ ಇದಕ್ಕೇ.

1951ರ ಚಳಿಗಾಲಕ್ಕೆ ಮುಂಚೆ ಬ್ರೂಕ್ಲಿನ್‌ನ ಒಂದು ಅಪಾರ್ಟ್‌ಮೆಂಟಿನ ಅಡಿಗೆಮನೆಯ ಮೇಜಿನ ಮೇಲೆ ಟಾಪ್ಸ್ ಎಂಬ ಬಬಲ್‌ಗಮ್ ಕಂಪನಿಯ ನೌಕರ ಸೈ ಬರ್ಗರ್ ತನ್ನ ಸಹೋದ್ಯೋಗಿಯ ಜೊತೆ ಕುಳಿತು, ಕತ್ತರಿ ರಟ್ಟು ಹಿಡಿದು, 1952ರ ಕಾರ್ಡುಗಳ ವಿನ್ಯಾಸ ಮಾಡಿದರು. ಮುಂದೆ ಬಣ್ಣದ ಚಿತ್ರ, ಸಹಿ, ತಂಡದ ಲಾಂಛನ. ಹಿಂದೆ ಅಂಕಿ ಅಂಶ. ಇವತ್ತಿಗೂ ಕಾರ್ಡ್ ಎಂದರೆ ಆ ರೂಪವೇ. ಸರಣಿಯ ಕೊನೆಯ ಕಂತು ತಡವಾಗಿ ಬಂತು. ಅಷ್ಟರಲ್ಲಿ ಬೇಸ್‌ಬಾಲ್ ಹಂಗಾಮು ಮುಗಿಯುತ್ತ ಬಂದಿತ್ತು, ಮಕ್ಕಳ ಗಮನ ಫುಟ್‌ಬಾಲಿನ ಕಡೆ ಹೊರಳಿತ್ತು. ಸರಕು ಮಾರಾಟವಾಗಲಿಲ್ಲ, ಪೆಟ್ಟಿಗೆಗಟ್ಟಲೆ ಗೋದಾಮಿನಲ್ಲಿ ಉಳಿಯಿತು. ಬರ್ಗರ್ ಅವರು ಜಾತ್ರೆಗಳಲ್ಲಿ ಅಗ್ಗಕ್ಕೆ ಮಾರಲು ನೋಡಿದರು, ಯಾರೂ ಕೊಳ್ಳಲಿಲ್ಲ. 1960ರಲ್ಲಿ ಗೋದಾಮು ಖಾಲಿ ಮಾಡಬೇಕಾಗಿ ಬಂದಾಗ ಅವನ್ನೆಲ್ಲ ಒಂದು ದೋಣಿಗೆ ಹೇರಿಸಿ, ನ್ಯೂಜೆರ್ಸಿಯ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದರು. ಆ ಕೊನೆಯ ಕಂತಿನ ಮೊದಲ ಕಾರ್ಡ್, ನಂಬರ್ 311, ನ್ಯೂಯಾರ್ಕ್ ಯಾಂಕೀಸ್ ತಂಡದ ಮಿಕ್ಕಿ ಮ್ಯಾಂಟಲ್ ಅವರದು.

ನಾವು ಬೇಸಿಗೆಯಲ್ಲಿ ಆ ಕಡಲತೀರಕ್ಕೆ ಹೋಗುತ್ತಿದ್ದೆವು. ನನ್ನ ಹೆಂಡತಿ ಚಿತ್ರಾನ್ನದ ಡಬ್ಬಿ ಬಿಚ್ಚುವಾಗ ಮಗ ಅಲೆಗಳ ಕಡೆ ಕೈ ತೋರಿಸಿ, ‘ಅಪ್ಪಾ, ಮ್ಯಾಂಟಲ್ ಅಲ್ಲಿದ್ದಾನೆ’ ಎನ್ನುತ್ತಿದ್ದ.

ಮುಳುಗದೆ ಉಳಿದ ಒಂದು ಮ್ಯಾಂಟಲ್ 2022ರ ಆಗಸ್ಟಿನಲ್ಲಿ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಆಗಿನ ದರದಲ್ಲಿ ಸುಮಾರು 100 ಕೋಟಿ ರೂಪಾಯಿ. ಅಂಕ ಒಂಬತ್ತೂವರೆ. ಮಾರಿದವರು ನ್ಯೂಜೆರ್ಸಿಯಲ್ಲಿ ಕಸ ವಿಲೇವಾರಿ ಉದ್ಯಮ ನಡೆಸುವವರು. 1991ರಲ್ಲಿ ಅದನ್ನು 50,000 ಡಾಲರಿಗೆ ಕೊಂಡಿದ್ದರು. ಕಸವೆಂದು ಕಡಲಿಗೆ ಎಸೆದದ್ದರ ತಮ್ಮನನ್ನು ಕಸದ ವ್ಯಾಪಾರಿಯೇ ಕಾಪಾಡಿದ್ದು ನನಗೆ ಬಹಳ ಹಿಡಿಸಿತು. 31 ವರ್ಷದಲ್ಲಿ 252 ಪಟ್ಟು. ಚಕ್ರಬಡ್ಡಿಯ ಲೆಕ್ಕ ಹಾಕಿದರೆ ವರ್ಷಕ್ಕೆ ನೂರಕ್ಕೆ ಹತ್ತೊಂಬತ್ತೂವರೆ. ಪತ್ರಿಕೆಗಳು ಇದನ್ನು ಬರೆಯುತ್ತವೆ, ಕೇಳಿದವರಿಗೆ ಆಸೆ ಹುಟ್ಟುತ್ತದೆ. ಆದರೆ ಆ 1 ಕೋಟಿ 26 ಲಕ್ಷದಲ್ಲಿ ಹರಾಜು ಮನೆಯ ಕಮಿಷನ್ನೂ ಸೇರಿದೆ ಎಂದು ಎಲ್ಲರೂ ಬರೆಯುವುದಿಲ್ಲ. ಅಮೆರಿಕದಲ್ಲಿ ಷೇರಿನ ದೀರ್ಘಾವಧಿ ಲಾಭಕ್ಕಿಂತ ಇಂಥ ಸಂಗ್ರಹ ವಸ್ತುಗಳ ಲಾಭಕ್ಕೆ ತೆರಿಗೆ ಜಾಸ್ತಿ, ನೂರಕ್ಕೆ 28ರವರೆಗೆ ಹೋಗುತ್ತದೆ. ಷೇರಿಗೆ ಡಿವಿಡೆಂಡ್ ಬರುತ್ತದೆ, ಮನೆಗೆ ಬಾಡಿಗೆ ಬರುತ್ತದೆ; ಕಾರ್ಡು ಲಾಕರಿನಲ್ಲಿ ಕುಳಿತು ಲಾಕರಿನ ಬಾಡಿಗೆ ಕೇಳುತ್ತದೆ.

ಈಗ ಅದೇ 1991ರಲ್ಲಿ ಬೇರೆಯವರು ಏನು ಕೊಂಡರು ನೋಡೋಣ. ಎಂಬತ್ತರ ದಶಕದ ನಡುವಿನಲ್ಲಿ ಅಮೆರಿಕದ ಮಧ್ಯಮ ವರ್ಗಕ್ಕೆ ಒಂದು ಜ್ಞಾನೋದಯವಾಯಿತು: ಅಮ್ಮ ಎಸೆದ ಕಾರ್ಡುಗಳು ಇದ್ದಿದ್ದರೆ ಮನೆ ಕೊಳ್ಳಬಹುದಿತ್ತು! ಜೇಮ್ಸ್ ಬೆಕೆಟ್ ಎಂಬ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು 1984ರಲ್ಲಿ ಕಾರ್ಡುಗಳ ಬೆಲೆಪಟ್ಟಿಯ ಮಾಸಪತ್ರಿಕೆ ಶುರು ಮಾಡಿದ್ದರು. ಪ್ರತಿ ಹೆಸರಿನ ಮುಂದೆ ಬೆಲೆ, ಬೆಲೆಯ ಪಕ್ಕದಲ್ಲಿ ಏರಿಕೆ ಇಳಿಕೆಯ ಬಾಣ. ಹನ್ನೆರಡು ವರ್ಷದ ಹುಡುಗರು ಅದನ್ನು ಷೇರುಪೇಟೆಯ ಪುಟದಂತೆ ಓದಿದರು. ಅಪ್ಪಂದಿರು ಮಕ್ಕಳ ಕಾಲೇಜಿಗಾಗಿ ಎಂದು ಪೆಟ್ಟಿಗೆಗಟ್ಟಲೆ ಕೊಂಡು, ಬಿಚ್ಚದೆ ನೆಲಮಾಳಿಗೆಯಲ್ಲಿಟ್ಟರು. ಕಂಪನಿಗಳು ಕೇಳಿದಷ್ಟೂ ಅಚ್ಚು ಹಾಕಿದವು. ಯಾರೂ ಎಸೆಯಲಿಲ್ಲ. ಎಲ್ಲರೂ ಜೋಪಾನ ಮಾಡಿದರು. 1994ರಲ್ಲಿ ಬೇಸ್‌ಬಾಲ್ ಆಟಗಾರರು ಮುಷ್ಕರ ಹೂಡಿ, ಆ ವರ್ಷದ ವರ್ಲ್ಡ್ ಸೀರೀಸ್ ಎಂಬ ಅಂತಿಮ ಹಣಾಹಣಿಯೇ ರದ್ದಾದಾಗ ಜನರ ಮನಸ್ಸೂ ಮುರಿಯಿತು, ಮಾರುಕಟ್ಟೆಯೂ ಮುರಿಯಿತು.

ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಪ್ಲಂಬರ್ ಇದ್ದರು. ಮನೆ ಮಾರಿ ಮಗಳ ಊರಿಗೆ ಹೊರಟಾಗ ಗ್ಯಾರೇಜಿನ ಮುಂದೆ 1990, 1991ರ ಬಿಚ್ಚದ ಪೆಟ್ಟಿಗೆಗಳನ್ನು ಎದೆಯೆತ್ತರ ಪೇರಿಸಿಟ್ಟರು. ಕೊಂಡ ಬೆಲೆ ಕೊಟ್ಟರೆ ಸಾಕು ಎಂದರು. ನಾನು ಎರಡು ಪೆಟ್ಟಿಗೆ ಕೊಂಡೆ. ಮಗನೂ ನಾನೂ ಸಂಜೆ ಕುಳಿತು ಒಂದೊಂದೇ ಪ್ಯಾಕ್ ಬಿಚ್ಚಿದೆವು. ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಾಗಿದ್ದವು. ಬಿಡಿಸಿದರೆ ಆಟಗಾರನ ಮುಖದ ಚರ್ಮ ಹಿಂದಿನವನ ಬೆನ್ನಿಗೆ ಎದ್ದು ಬರುತ್ತಿತ್ತು. ಆ ಕಾಲಕ್ಕೆ ಅಮೆರಿಕದವರು ಇಟ್ಟಿರುವ ಹೆಸರು ‘ಜಂಕ್ ವ್ಯಾಕ್ಸ್’. ಪ್ಯಾಕುಗಳ ಮೇಣದ ಕಾಗದ ನೆನಪಿಸುವ ಹೆಸರು. ನಿಮ್ಮ ಕೈಯಲ್ಲಿ ಸುತ್ತುತ್ತಿರುವ ಗ್ರಿಫಿ ಆ ಕಾಲದವನೇ. ಅವನ ಆ ಕಾರ್ಡ್ ಎಷ್ಟು ಪ್ರಸಿದ್ಧವೋ ಅಷ್ಟೇ ಧಾರಾಳವಾಗಿ ಸಿಗುತ್ತದೆ. ನನ್ನ ಐದಕ್ಕೆ ಬೆಲೆಯಿಲ್ಲದಿರುವುದಕ್ಕೆ ಆ ಮಡಿಕೆಯೊಂದೇ ಕಾರಣವಲ್ಲ.

ಕಂಪನಿಗಳು ಪಾಠ ಕಲಿತವು, ಆದರೆ ತಮಗೆ ಬೇಕಾದ ಪಾಠವನ್ನು. ಅಭಾವ ತಾನಾಗಿ ಹುಟ್ಟದಿದ್ದರೆ ಅಚ್ಚಿನಮನೆಯಲ್ಲೇ ಹುಟ್ಟಿಸಬಹುದು ಎಂದು ಗೊತ್ತಾಯಿತು. ಹತ್ತೇ ಪ್ರತಿ, ಒಂದೇ ಪ್ರತಿ ಎಂದು ನಂಬರು ಹಾಕಿದ ಕಾರ್ಡುಗಳು, ಸಹಿ ಇರುವವು, ಆಟಗಾರ ತೊಟ್ಟ ಅಂಗಿಯ ತುಂಡು ಹೊಲಿದಿಟ್ಟವು. 2024ರ ಕ್ರಿಸ್‌ಮಸ್ ದಿನ ಲಾಸ್ ಏಂಜಲೀಸಿನ 11 ವರ್ಷದ ಹುಡುಗನೊಬ್ಬ ಪ್ಯಾಕ್ ಬಿಚ್ಚಿದಾಗ ಪಿಟ್ಸ್‌ಬರ್ಗ್‌ನ ಬೌಲರ್, ಕ್ಷಮಿಸಿ, ಪಿಚರ್ ಪಾಲ್ ಸ್ಕೀನ್ಸ್ ಅವರ ಚೊಚ್ಚಲ ಪಂದ್ಯದ ಅಂಗಿಯ ಬಿಲ್ಲೆಯಿರುವ ಏಕೈಕ ಕಾರ್ಡ್ ಸಿಕ್ಕಿತು. ಅದನ್ನು ಕೊಟ್ಟರೆ 30 ವರ್ಷ ಪಂದ್ಯಗಳ ಟಿಕೆಟ್ ಕೊಡುತ್ತೇವೆ ಎಂದು ತಂಡ ಆಸೆ ತೋರಿಸಿತ್ತು. ಮನೆಯವರು ಹರಾಜಿಗೆ ಹಾಕಿದರು, 11 ಲಕ್ಷ ಡಾಲರ್ ದಾಟಿತು. ಲಾಟರಿಗೆ ಹದಿನೆಂಟು ವರ್ಷ ತುಂಬಿರಬೇಕು. ಇದಕ್ಕೆ ಯಾವ ವಯಸ್ಸೂ ಬೇಕಿಲ್ಲ. ಈ ಮಾತು ಅಲ್ಲಿನ ಸಂಗ್ರಾಹಕರಿಗೆ ಇಷ್ಟವಾಗುವುದಿಲ್ಲ, ಆದರೂ ಹೇಳುತ್ತೇನೆ.

ಕೊರೊನಾ ಕಾಲದ ಕಥೆಯನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದು 1991ರ ಕಥೆಯೇ, ವೇಗ ಮಾತ್ರ ಹೆಚ್ಚು. 2021ರ ಜನವರಿಯಲ್ಲಿ ನಾನು ಆಗಲೇ ಹೇಳಿದ ಜೋರ್ಡನ್ ಕಾರ್ಡಿನ ಹತ್ತಂಕದ ಪ್ರತಿ 7,38,000 ಡಾಲರಿಗೆ ಹೋಯಿತು. ಮುಂದಿನ ವರ್ಷ ಅದೇ ಅಂಕದ ಕಾರ್ಡು 2 ಲಕ್ಷ ಡಾಲರಿನ ಆಸುಪಾಸಿನಲ್ಲಿ ಸಿಗುತ್ತಿತ್ತು. ಅಂಥವು ಪಿಎಸ್‌ಎ ಡಬ್ಬಿಯಲ್ಲೇ ಮುನ್ನೂರಕ್ಕೂ ಹೆಚ್ಚಿವೆ. ಮುನ್ನೂರು ಮಂದಿಯೂ ಒಟ್ಟಿಗೆ ಮಾರಲು ಹೊರಟರೆ ಏನಾಗಬೇಕೋ ಅದಾಯಿತು. 2021ರ ಮಾರ್ಚಿನಲ್ಲಿ ಪಿಎಸ್‌ಎಗೆ ರಾಶಿ ಬಿದ್ದ ಕಾರ್ಡುಗಳನ್ನು ನೋಡಲಾಗದೆ ಹೊಸದಾಗಿ ತೆಗೆದುಕೊಳ್ಳುವುದನ್ನೇ ಬಹುಮಟ್ಟಿಗೆ ನಿಲ್ಲಿಸಬೇಕಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಟಾರ್ಗೆಟ್ ಎಂಬ ಸರಪಳಿಯ ಒಂದು ಅಂಗಡಿಯ ಮುಂದೆ ಕಾರ್ಡುಗಳಿಗಾಗಿ ಹೊಡೆದಾಟವಾಗಿ ಪಿಸ್ತೂಲು ಹೊರಬಂತು. ಆ ಸರಪಳಿ ತನ್ನ ಅಂಗಡಿಗಳಲ್ಲಿ ಕಾರ್ಡು ಮಾರುವುದನ್ನೇ ತಡೆಹಿಡಿಯಿತು. ಪೋಕೆಮಾನ್ ಕಾರ್ಡು ಕೂಡ ಅದರಲ್ಲಿತ್ತು. ಮಕ್ಕಳ ಆಟದ ಕಾರ್ಡು!

ದುಡ್ಡಿನ ಮಾತು ಇಲ್ಲಿಗೆ ಸಾಕು, ಇನ್ನು ಒಬ್ಬ ಸಂಗ್ರಾಹಕರ ಕಥೆ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಜೆಫರ್‌ಸನ್ ಬರ್ಡಿಕ್ ಎಂಬವರಿದ್ದರು. ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸುವ ಕೆಲಸ. ಒಂಟಿ ಮನುಷ್ಯ, ಪ್ರಾಯದಲ್ಲೇ ಅಂಟಿಕೊಂಡ ಸಂಧಿವಾತ. ಅವರು ಸಿಗರೇಟು ಕಾರ್ಡು, ಮಿಠಾಯಿ ಕಾರ್ಡು, ಅಂಚೆ ಕಾರ್ಡು, ವ್ಯಾಲೆಂಟೈನ್, ಜಾಹೀರಾತು ಚೀಟಿ, ಯಾರೂ ಲೆಕ್ಕಕ್ಕಿಡದ ಬಣ್ಣದ ಕಾಗದಗಳನ್ನೆಲ್ಲ ಕೂಡಿಸಿದರು. ಕೂಡಿಸಿ, ವಿಂಗಡಿಸಿ, ಎಲ್ಲ ಸರಣಿಗಳಿಗೂ ಅಕ್ಷರ ಮತ್ತು ಸಂಖ್ಯೆ ಕೊಟ್ಟರು. ಟಿ206ರ ಟಿ ಎಂದರೆ ಇಪ್ಪತ್ತನೆಯ ಶತಮಾನದ ತಂಬಾಕು. 206 ಅವರ ಪಟ್ಟಿಯ ಸಂಖ್ಯೆ. ಕೋಟಿಗಟ್ಟಲೆ ವ್ಯವಹಾರ ಇವತ್ತೂ ಆ ಕಾರ್ಖಾನೆಯ ನೌಕರ ಇಟ್ಟ ಹೆಸರಿನಲ್ಲೇ ನಡೆಯುತ್ತದೆ. ಮೂರು ಲಕ್ಷಕ್ಕೂ ಹೆಚ್ಚು ಕಾಗದಗಳನ್ನು, ಅದರಲ್ಲಿ 30,000ಕ್ಕೂ ಮಿಕ್ಕಿ ಬೇಸ್‌ಬಾಲ್ ಕಾರ್ಡುಗಳು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಅವುಗಳಲ್ಲಿ ಒಂದು ವ್ಯಾಗ್ನರ್ ಕೂಡ ಇದೆ.

ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಕೊನೆಗಾಲದಲ್ಲಿ ನ್ಯೂಯಾರ್ಕಿಗೇ ಬಂದು, ಸಂಗ್ರಹಾಲಯದ ಮುದ್ರಣ ವಿಭಾಗದಲ್ಲಿ ಒಂದು ಮೇಜು ಹಿಡಿದು, ಸೊಟ್ಟಗಾದ ಬೆರಳುಗಳಿಂದ ಒಂದೊಂದೇ ಕಾರ್ಡಿಗೆ ಅಂಟು ಹಚ್ಚಿ ಆಲ್ಬಮ್ಮಿನ ಪುಟಗಳಿಗೆ ಅಂಟಿಸುತ್ತ ಹೋದರು. ಇವತ್ತಿನ ಗ್ರೇಡಿಂಗ್ ಕಣ್ಣಿನಲ್ಲಿ ಇದು ಕೊಲೆ. ಹಿಂಬದಿಗೆ ಅಂಟು ಬಿದ್ದ ಕಾರ್ಡಿಗೆ ಒಂದು ಅಂಕ ದಕ್ಕಿದರೆ ಪುಣ್ಯ. 1963ರ ಜನವರಿ 10ರ ಸಂಜೆ ಕೊನೆಯ ಕಾರ್ಡ್ ಅಂಟಿಸಿ, ಕೋಟು ತೊಟ್ಟು, ಇನ್ನು ಬರುವುದಿಲ್ಲವೆಂದು ಹೇಳಿ ಹೊರಟರು. ಮರುದಿನ ಆಸ್ಪತ್ರೆ ಸೇರಿದರು. ಮಾರ್ಚಿನಲ್ಲಿ ತೀರಿಕೊಂಡರು.

ಆ ಸಂಗ್ರಹದ ಕೆಲವನ್ನು ಸರದಿಯಂತೆ ಪ್ರದರ್ಶನಕ್ಕಿಡುತ್ತಾರೆ. ನಾನು ನೋಡಲು ಹೋದ ದಿನ ಅಲ್ಲಿದ್ದವು ಚಿಕ್ಕ ತಂಬಾಕು ಕಾರ್ಡುಗಳು, ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡವು. ಕಿತ್ತಳೆ ಆಕಾಶ, ಹಸಿರು ಆಕಾಶ, ಅದರ ಮುಂದೆ ಗಂಭೀರ ಮುಖದ ಆಟಗಾರರು. ಮೂಲೆಗಳು ಮೊಂಡಾಗಿದ್ದವು. ಯಾರದೋ ಪೆನ್ಸಿಲ್ ಗೆರೆ ಇತ್ತು. ನನ್ನ ಜೇಬಿನಲ್ಲಿದ್ದ ಭೂತಗನ್ನಡಿಯನ್ನು ತೆಗೆಯಬೇಕು ಅನ್ನಿಸಲಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಇಲ್ಲಿಂದ ಹಣ ಹೂಡಬಹುದೇ ಎಂದು ಒಬ್ಬರು ಬ್ಯಾಂಕಿನವರು ಕೇಳಿದರು. ಕಳೆದುಕೊಂಡರೆ ಮನೆಯಲ್ಲಿ ಹೇಳಬಹುದಾದಷ್ಟು ಮೊತ್ತವನ್ನು ಮಾತ್ರ ಎಂದೆ. ನಕಲಿ ಡಬ್ಬಿಗಳು ಬರುತ್ತವೆಯೇ ಎಂಬುದು ಇನ್ನೊಂದು ಪ್ರಶ್ನೆ. ಬರುತ್ತವೆ, ಚೀಟಿಯ ನಂಬರನ್ನು ಸಂಸ್ಥೆಯ ಜಾಲತಾಣದಲ್ಲಿ ಹೊಂದಿಸಿ, ಅಲ್ಲಿರುವ ಚಿತ್ರವನ್ನೂ ಹೋಲಿಸಿ ನೋಡಬೇಕು, ಅಸಲಿ ನಂಬರನ್ನೇ ನಕಲಿ ಚೀಟಿಗೆ ಅಚ್ಚು ಹಾಕುವವರಿದ್ದಾರೆ. 2021ರಲ್ಲಿ ಲೋಗನ್ ಪಾಲ್ ಎಂಬ ಅಮೆರಿಕದ ಪ್ರಸಿದ್ಧ ಯೂಟ್ಯೂಬರ್ 35 ಲಕ್ಷ ಡಾಲರ್ ಕೊಟ್ಟು ಪೋಕೆಮಾನ್ ಪೆಟ್ಟಿಗೆ ಕೊಂಡಿದ್ದರು. ಮುಂದಿನ ಜನವರಿಯಲ್ಲಿ ಬಿಚ್ಚಿಸಿ ನೋಡಿದರೆ ಒಳಗಿದ್ದವು ಜಿ.ಐ. ಜೋ ಬೊಂಬೆ ಸರಣಿಯ ಕಾರ್ಡುಗಳು.

ಕುರ್ಚಿ ಮಡಚುವ ಹೊತ್ತಿಗೆ ನಲವತ್ತರ ಪ್ರಾಯದವರೊಬ್ಬರು ಬಂದು ಗ್ರಿಫಿಯ ಡಬ್ಬಿ ಹಿಂದಿರುಗಿಸಿದರು. ಇನ್ನೊಂದು ಕೈಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು. ಮಾತಿನ ವಿಷಯ ತಿಳಿದು ಅಟ್ಟದಿಂದ ಇಳಿಸಿ ತಂದಿದ್ದರಂತೆ: ಕುಸ್ತಿಯ ಟ್ರಂಪ್ ಕಾರ್ಡುಗಳು. ‘ಸರ್, ಇದಕ್ಕೇನಾದರೂ ಬೆಲೆ ಬರುತ್ತದೆಯೇ?’ ನಾನು ರಬ್ಬರ್ ಬ್ಯಾಂಡ್ ಬಿಚ್ಚಿದೆ. ಎಲ್ಲ ಕಾರ್ಡಿನ ಎರಡೂ ಅಂಚಿನಲ್ಲಿ ಅದು ಕಚ್ಚಿದ ಗುರುತು, ಮೂಲೆಗಳು ಬಿಳಿಚಿ ಹತ್ತಿಯಂತಾಗಿದ್ದವು. ಒಂದರ ಹಿಂದೆ ನೀಲಿ ಶಾಯಿಯಲ್ಲಿ ‘5ನೇ ಬಿ’ ಎಂದು ಬರೆದಿತ್ತು.

‘ಯೊಕೊಜುನಾ ಇದ್ದಾನೆಯೇ?’ ಎಂದೆ.

‘ಇದ್ದಾನೆ, ಸರ್. ವೇಟ್ ಕರೆದರೆ ಅವನನ್ನು ಯಾರೂ ಹೊಡೆಯಲು ಆಗುವುದಿಲ್ಲ.’

‘ಅರ್ಧ ನನಗೆ ಹಂಚಿ’ ಎಂದೆ. ಕಾವಲುಗಾರ ದೀಪ ಆರಿಸಲು ಬಂದು, ನಿಂತು, ಯಾರು ಗೆಲ್ಲುತ್ತಿದ್ದಾರೆ ಎಂದು ಕೇಳಿದ.